ಬರೋದು ಬಿಡೋದು ನಿಮ್ಮಿಷ್ಟ

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನು ಸಿಕ್ಕ. ಇಪ್ಪತ್ತು ವರ್ಷದ ಮೇಲಾಗಿತ್ತು ನೋಡಿ. ತಲೆ ಅರ್ಧ ನೆರೆತಿದೆ, ಹೊಟ್ಟೆ ಬಂದಿದೆ. ನಡಿಗೆ ಮಾತ್ರ ಅದೇ, ಎಡಗಾಲು ಸ್ವಲ್ಪ ಹೊರಕ್ಕೆ ಹಾಕ್ಕೊಂಡು... "ಏನ್ ಮಚ್ಚಾ, ಇನ್ನೂ ಆಡ್ತಿದ್ಯಾ?" ಅಂತ ನಗ್ತಾ ಕೇಳಿದ. ಟೀ ಕುಡಿದ್ವಿ. ಅಷ್ಟರಲ್ಲಿ ಮಾರಿಕುಪ್ಪಂ ರೈಲು ಬಂತು, ಹತ್ತಿ ಹೋದ. ನಾನು ಹೇಳಬೇಕಾಗಿದ್ದ ಮಾತು ಬಾಯಲ್ಲೇ ಉಳೀತು.

ನಾನು ಬಂಗಾರಪೇಟೆಯವನು, ಅವನು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಕಡೆಯ ಲೈನ್ ಮನೆಯವನು. ಈಗೆಲ್ಲ ಕೆ.ಜಿ.ಎಫ್. ಅಂದ್ರೆ ಜನಕ್ಕೆ ಸಿನಿಮಾ ನೆನಪಾಗುತ್ತೆ. ನಮಗೆ ಅದು ಸೈನೈಡ್ ದಿಬ್ಬ, ಪಾಳಿ, ಫುಟ್ಬಾಲ್. ೨೦೦೧ರ ಫೆಬ್ರವರಿ ೨೮ಕ್ಕೆ ಗಣಿ ಮುಚ್ಚಿತು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಶುರು ಮಾಡಿದ್ದು, ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿದ್ದು, ಅಲ್ಲಿಗೆ ಮುಗೀತು. ಅವನ ಅಪ್ಪನ ಕೆಲಸವೂ ಮುಗೀತು.

ಮುಂದಿನ ವರ್ಷ ಒಂದು ತಂಡಕ್ಕೆ ನಾವಿಬ್ಬರೂ ಆಯ್ಕೆಯಾದ್ವಿ. ತಂಡದ ಹೆಸರು ಬೇಡ ಬಿಡಿ. ತಿಂಗಳಿಗೆ ಸ್ವಲ್ಪ ಸ್ಟೈಪೆಂಡು, ಚೆನ್ನಾಗಿ ಆಡಿದ್ರೆ ಮುಂದೆ ನೌಕರಿ ಅನ್ನೋ ಆಸೆ. ಅವನು ಲೆಫ್ಟ್ ಬ್ಯಾಕ್. ನಾನೂ ಲೆಫ್ಟ್ ಬ್ಯಾಕೇ, ಆದ್ರೆ ಅವನ ಹಿಂದೆ ಬೆಂಚಿನಲ್ಲಿ.

ಕಾಗದದ ಮೇಲೆ ನಿಯಮ ಸ್ಪಷ್ಟವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಸಂಜೆ ಪ್ರಾಕ್ಟೀಸು. ತಪ್ಪಿಸಿದ್ರೆ ಸ್ಟೈಪೆಂಡಿನಲ್ಲಿ ಕಡಿತ. ಇದಕ್ಕೆ ಯಾರ ತಕರಾರೂ ಇರಲಿಲ್ಲ. ತೊಂದರೆ ಇದ್ದಿದ್ದು ಕಾಗದದಲ್ಲಿ ಇಲ್ಲದಿದ್ದ ನಿಯಮದ್ದು. "ಬೆಳಿಗ್ಗೆ ಐದೂವರೆಗೆ ನಾನು ಗ್ರೌಂಡಲ್ಲಿರ್ತೀನಿ. ವಾಲಂಟರಿ. ಬರೋದು ಬಿಡೋದು ನಿಮ್ಮಿಷ್ಟ" ಅಂದ್ರು ಕೋಚ್.

ನಾನು ಕತ್ತಲಲ್ಲೇ ಎದ್ದು ಸೈಕಲ್ ತುಳ್ಕೊಂಡು ಹೋಗ್ತಿದ್ದೆ. ಅವನಿಗೆ ಆಗ್ತಿರಲಿಲ್ಲ. ಅಪ್ಪನ ಕೆಲಸ ಹೋದ ಮೇಲೆ ಬೆಳಗಿನ ಜಾವ ಹಾಲಿನ ವ್ಯಾನಿನಲ್ಲಿ ಕ್ಯಾನು ಎತ್ತೋ ಕೆಲಸ ಹಿಡಿದಿದ್ದ. ಕೋಚ್ ಹತ್ರ ಒಂದು ಸಣ್ಣ ಪಾಕೆಟ್ ನೋಟ್‌ಬುಕ್ ಇತ್ತು. ಬೆಳಿಗ್ಗೆ ಬಂದವರ ಹೆಸರಿನ ಮುಂದೆ ಗೀಟು ಹಾಕೋರು. ನಾನು ನೋಡಿದ್ದೆ.

ಒಂದು ಭಾನುವಾರ ಅವರ ಮನೇಲಿ ಊಟಕ್ಕೆ ಕೂತಾಗ ಇದನ್ನ ಅವನಪ್ಪನಿಗೆ ಹೇಳಿದೆ. ಗಣಿಯ ಯೂನಿಯನ್ನಿನಲ್ಲಿ ಓಡಾಡಿದ್ದ ಮನುಷ್ಯ. ತಮಿಳು ಬೆರೆತ ಕನ್ನಡದಲ್ಲಿ, "ಇಷ್ಟ ಇದ್ದೋರು ಬನ್ನಿ ಅಂದ್ರೆ ಹಾಜರಿ ಯಾಕೆ ತಂಬಿ?" ಅಂದ್ರು. ಆಮೇಲೆ ನಕ್ಕು, "ವಾಲಂಟರಿ ಅಂದ್ರೇನು ಅಂತ ನಂಗೆ ಗೊತ್ತಪ್ಪ, ವಿ.ಆರ್.ಎಸ್.ನಲ್ಲಿರೋ ವಿ ಅದೇ ಅಲ್ವಾ" ಅಂದ್ರು. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅಂದಿದ್ದಕ್ಕೆ ೧೯೩೦ರಲ್ಲೇ ಮುಷ್ಕರ ಹೂಡಿದ ಊರು ಅದು. ಪಟ್ಟಿ ಯಾಕೆ, ಯಾರ ಕೈಲಿರುತ್ತೆ ಅಂತ ಕೇಳೋದು ಆ ಊರಿನ ರಕ್ತದಲ್ಲೇ ಇದೆ.

ಒಂದೂವರೆ ತಿಂಗಳಾದ ಮೇಲೆ ಪಟ್ಟಿ ಬಂತು. ಅವನ ಹೆಸರಿರಲಿಲ್ಲ. ಕಾರಣ 'ಶಿಸ್ತು ಸಾಲದು'. "ಸಾರ್, ನಾನು ಯಾವ ಪ್ರಾಕ್ಟೀಸು ತಪ್ಪಿಸಿದೀನಿ ಹೇಳಿ" ಅಂತ ಕೇಳಿದ. ಒಂದು ಸಂಜೆಯೂ ತಪ್ಪಿಸಿರಲಿಲ್ಲ ಅವನು. ಉತ್ತರ ಬರಲಿಲ್ಲ. ನನ್ನ ಕಡೆ ತಿರುಗಿ "ನೀನಾದ್ರೂ ಹೇಳೋ" ಅಂದ. ನಾನು ಬಗ್ಗಿ ಶೂ ಲೇಸ್ ಕಟ್ಕೊಂಡೆ. ಆ ಭಾನುವಾರ ಲೆಫ್ಟ್ ಬ್ಯಾಕ್ ಆಗಿ ಆಡಿದ್ದು ನಾನು.

ಎಷ್ಟೋ ವರ್ಷ ಆದ್ಮೇಲೆ ಅಮೆರಿಕದ ಎನ್.ಎಫ್.ಎಲ್. ಬಗ್ಗೆ ಓದಿದಾಗ ಇದೆಲ್ಲ ಮತ್ತೆ ಕೆದಕಿತು. ಅದು ಕೈಯಲ್ಲಿ ಹಿಡಿದು ಓಡೋ ಫುಟ್ಬಾಲು, ನಮ್ಮದಲ್ಲ. ಆದ್ರೆ ಅಲ್ಲಿ ಆಟಗಾರರ ಯೂನಿಯನ್ ೧೯೫೬ರಿಂದ ಇದೆ, ಲೀಗಿನ ಜೊತೆ ಅದು ಮಾಡಿಕೊಂಡ ಒಪ್ಪಂದದಲ್ಲಿ ಈ 'ನಿಮ್ಮಿಷ್ಟ'ಕ್ಕೂ ನಿಯಮ ಇದೆ. ಸೀಸನ್ ಮುಂಚಿನ ಒಂಬತ್ತು ವಾರದ ಅಭ್ಯಾಸದಲ್ಲಿ ಹಳಬರಿಗೆ ಕಡ್ಡಾಯ ಅನ್ನೋದು ಮೂರು ದಿನದ ಒಂದು ಶಿಬಿರ ಮಾತ್ರ. ಉಳಿದದ್ದಕ್ಕೆ ಬರಲಿಲ್ಲ ಅಂತ ದಂಡ ಹಾಕೋ ಹಾಗಿಲ್ಲ. 'ಬರಲೇಬೇಕು' ಅನ್ನೋ ಸೂಚನೆ ಕೂಡ ಕೊಡೋ ಹಾಗಿಲ್ಲ. ಆ ಅಭ್ಯಾಸದಲ್ಲಿ ಮೈಗೆ ಮೈ ತಾಗಿಸಿ ಆಡಿಸಿದ್ರೆ ದಂಡ ಬೀಳೋದು ತಂಡಕ್ಕೆ! ೨೦೧೬ರಲ್ಲಿ ಸಿಯಾಟಲ್ ತಂಡಕ್ಕೆ ೪ ಲಕ್ಷ ಡಾಲರ್, ಅದರ ಕೋಚಿಗೆ ೨ ಲಕ್ಷ ಡಾಲರ್ ಬಿತ್ತು.

ಹಾಗಂತ ಅಲ್ಲೂ ಎಲ್ಲ ಸರಿ ಇಲ್ಲ. ಬಂದವರಿಗೆ ಬೋನಸ್ ಅಂತ ಆಸೆ ಇಟ್ಟಿರ್ತಾರೆ. ೨೦೨೧ರಲ್ಲಿ ಬಾರದೇ ಉಳಿದ ಏರನ್ ರಾಡ್ಜರ್ಸ್ ೫ ಲಕ್ಷ ಡಾಲರ್ ಬಿಟ್ಟುಕೊಟ್ಟ. ಅವನಿಗದು ಲೆಕ್ಕಕ್ಕಿಲ್ಲ ಬಿಡಿ. ಅದೇ ವರ್ಷ ಡೆನ್ವರ್ ತಂಡದ ಜವಾನ್ ಜೇಮ್ಸ್ ತಂಡದ ಜಾಗ ಬಿಟ್ಟು ಹೊರಗೆ ಅಭ್ಯಾಸ ಮಾಡುವಾಗ ಹಿಮ್ಮಡಿಯ ನರ ಹರಿದುಕೊಂಡ. ಕೋವಿಡ್ ಕಾಲ, ಬರಬೇಡಿ ಅಂದಿದ್ದು ಯೂನಿಯನ್ನೇ. ಇದು ಕೆಲಸದಲ್ಲಾದ ಗಾಯ ಅಲ್ಲ ಅಂತ ತಂಡ ಅವನನ್ನ ಕೈಬಿಟ್ಟಿತು. ಆದ್ರೆ ಅವನ ಪರ ದೂರು ಹಾಕೋಕೆ ಒಂದು ಯೂನಿಯನ್ ಇತ್ತು.

ನಮ್ಮ ದೇಶದಲ್ಲಿ ಫುಟ್ಬಾಲ್ ಆಟಗಾರರ ಸಂಘ ಹುಟ್ಟಿದ್ದೇ ೨೦೦೬ರಲ್ಲಿ, ಬೈಚುಂಗ್ ಭುಟಿಯಾ ಮುಂದಾಳತ್ವದಲ್ಲಿ. ಇದ್ದಿದ್ರೂ ನಮ್ಮಂಥ ಸ್ಟೈಪೆಂಡ್ ಹುಡುಗರ ತನಕ ಅದು ಬರ್ತಿತ್ತಾ?

ಕೋಚ್ ಕಡೆಯಿಂದಲೂ ಯೋಚಿಸಿ ನೋಡಿದೀನಿ. ದಿನಾ ಬೆಳಿಗ್ಗೆ ಓಡೋನು ಚೆನ್ನಾಗಿ ಆಡ್ತಾನೆ, ಅವನನ್ನೇ ಆರಿಸಿದ್ರೆ ತಪ್ಪೇನು? ತಪ್ಪಿಲ್ಲ. ಚೆನ್ನಾಗಿ ಆಡೋನನ್ನ ಆರಿಸಲಿ. ಆದ್ರೆ ನಾನು ಅವನಿಗಿಂತ ಚೆನ್ನಾಗಿ ಆಡ್ತಿರಲಿಲ್ಲ, ಅದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನನ್ನ ಆರಿಸಿದ್ದು ಗೀಟು. ಬೆಳಿಗ್ಗೆನೂ ಬೇಕು ಅಂತಿದ್ರೆ ಕಾಗದದಲ್ಲಿ ಬರೆದು ಕಡ್ಡಾಯ ಅನ್ನಬೇಕಿತ್ತು. ಹಾಲಿನ ವ್ಯಾನೋ ಫುಟ್ಬಾಲೋ ಅಂತ ಮೊದಲೇ ಲೆಕ್ಕ ಹಾಕೋನು ಅವನು. ಇಷ್ಟ ಅಂತ ಹೇಳಿ ಶಿಕ್ಷೆ ಕೊಟ್ರೆ ಅದು ಶಿಸ್ತಲ್ಲ, ಮೋಸ.

ನಾನು ಎರಡು ಸೀಸನ್ ಆಡಿದೆ. ನೌಕರಿ ಬರಲಿಲ್ಲ. ತಂಡವೂ ಉಳೀಲಿಲ್ಲ.

ಅವನು ಓದಿದ್ದು ತಮಿಳು ಮೀಡಿಯಂ, ಕನ್ನಡ ಮಾತಾಡ್ತಾನೆ, ಓದೋಕೆ ಬರಲ್ಲ. ಅದಕ್ಕೇ ಇಲ್ಲಿ ಬರೆಯೋದು ನನಗೆ ಇಷ್ಟು ಸುಲಭ, ಅದೂ ಗೊತ್ತಿದೆ. ಮೊನ್ನೆ ನಂಬರ್ ತಗೊಂಡಿದೀನಿ. ಆ ನೋಟ್‌ಬುಕ್ ನಾನು ನೋಡಿದ್ದೆ ಕಣೋ ಅಂತ ಫೋನ್ ಮಾಡಿ ಹೇಳಬೇಕು.

ಇನ್ನೂ ಮಾಡಿಲ್ಲ.