ಬಡತನದ ನಾಲ್ಕು ಮುಖ

ಹಳಗನ್ನಡದಲ್ಲಿ ‘ಬಡ’ ಎಂಬ ಶಬ್ದಕ್ಕೆ ತೆಳ್ಳಗಿನದು, ಕೃಶವಾದುದು ಎಂಬರ್ಥವುಂಟು. ಚೆಲುವೆಯ ಸಪೂರ ಸೊಂಟವನ್ನು ಕವಿಗಳು ‘ಬಡನಡು’ವೆಂದು ಬಣ್ಣಿಸಿದರು. ಅದೇ ಶಬ್ದ ಮನುಷ್ಯನ ಬಾಳಿಗೆ ಅಂಟಿದಾಗ ಸೊಗಸೇನೂ ಉಳಿಯಲಿಲ್ಲ. ಆದರೆ ಬಡವನಲ್ಲಿ ಬಡವಾದುದು ಯಾವುದು? ಹೊಟ್ಟೆಯೆ, ನಾಳೆಯೆ, ದುಡಿಮೆಯೆ, ಮಾನವೆ? ಈ ಪ್ರಶ್ನೆಯೊಡನೆ ಉಡುಪಿ ಸೀಮೆಯನ್ನು ಸುತ್ತಿಬಂದೆ. ಶಾಲೆ, ಆಸ್ಪತ್ರೆ, ಬ್ಯಾಂಕುಗಳಿಗೆ ಹೆಸರಾದ ಈ ನಾಡಿನಲ್ಲಿ ಬಡತನವನ್ನು ಅರಸುವುದೇಕೆಂದು ವಾಚಕರು ಕೇಳಬಹುದು. ಒಂದು ಬಗೆಯ ಬಡತನವನ್ನು ಹಿಮ್ಮೆಟ್ಟಿಸಿದ ನೆಲದಲ್ಲಿಯೇ ಉಳಿದ ಬಗೆಗಳು ನಿಚ್ಚಳವಾಗಿ ಕಾಣುತ್ತವೆ.

ಉಡುಪಿಯ ರಥಬೀದಿಯಲ್ಲಿ ಮೊದಲು ನೆನಪಾಗುವುದು ಹಸಿವು. ಎರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸಲ್ಲುವ ಪರ್ಯಾಯಕ್ಕೆ ಮುನ್ನ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತಗಳಿಗೆ ಒಂದೊಂದು ಮುಹೂರ್ತ ನಡೆಯುತ್ತದೆ. ಬಂದವರಿಗೆ ಎಲೆ ಹಾಕುವುದೇ ಆದ್ಯ ಕರ್ತವ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಇದೇ ಸೀಮೆಯ ಎಷ್ಟೋ ಹುಡುಗರು ಒಂದು ಕಾಲದಲ್ಲಿ ಹೊಟ್ಟೆಪಾಡಿಗಾಗಿ ಮುಂಬಯಿ, ಮದರಾಸುಗಳಿಗೆ ಹೋಗಿ ಹೋಟೆಲುಗಳಲ್ಲಿ ತಟ್ಟೆ ತೊಳೆದರು. ಒಂದು ಹೊತ್ತಿನ ಊಟ ಆ ಹೊತ್ತಿನ ಹಸಿವನ್ನು ಮಾತ್ರ ನೀಗುತ್ತದೆ.

ಪೂರ್ವಕ್ಕೆ ಮೂರು ನಾಲ್ಕು ಮೈಲಿ ಏರಿದರೆ ಮಣಿಪಾಲ. ಇಂದು ಮುಗಿಲೆತ್ತರದ ಕಟ್ಟಡಗಳಿಂದ ತುಂಬಿರುವ ಈ ಗುಡ್ಡ ಎರಡನೆಯ ಬಡತನವನ್ನು ನೆನಪಿಗೆ ತರುತ್ತದೆ: ಇಂದಿನ ಗಳಿಕೆ ಇಂದಿಗೇ ಮುಗಿದು, ನಾಳೆಯೆಂಬುದೇ ಇಲ್ಲದ ಸ್ಥಿತಿ. 1925ರಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಪೈ ಹಾಗೂ ವಾಮನ ಕುಡ್ವರು ಕಂಗೆಟ್ಟಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಉಡುಪಿಯಲ್ಲಿ ಸಂಸ್ಥೆಯೊಂದನ್ನು ತೆರೆದರು. 1928ರಲ್ಲಿ ಪಿಗ್ಮಿ ಠೇವಣಿ ಬಂದಿತು. ದಿನಕ್ಕೆ ಎರಡಾಣೆ, ಬಡವ ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕೇ ಬಡವನ ಬಾಗಿಲಿಗೆ ಬರುತ್ತಿತ್ತು! ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಅದು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಲೀನವಾಯಿತು. ಎರಡಾಣೆ ಕಲಿಸಿದ ಪಾಠ ಮಾತ್ರ ಅಳಿಯಲಿಲ್ಲ. ಉಳಿತಾಯವೆಂದರೆ ನಾಳೆಯ ಮೇಲೆ ದೊರೆಯುವ ಒಂದು ಹಿಡಿತ.

ದಕ್ಷಿಣದ ಕಾಪುವಿನಲ್ಲಿ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ನೋಡಲು ಪ್ರವಾಸಿಗರು ನೆರೆಯುತ್ತಾರೆ. ಅದರ ಕೆಳಗೆ ಬಲೆ ಹೆಣೆಯುವವರದು ಋತುಮಾನದ ಬಡತನ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲು ನಿಯಮ ಬೇಕು; ಒಲೆಗೆ ಮಾತ್ರ ಆ ನಿಯಮ ತಿಳಿಯದು. ಹಿಂದೆ ಊರಿಗೆ ಊರೇ ಸೇರಿ ರಂಪಣಿ ಬಲೆಯನ್ನು ದಡಕ್ಕೆಳೆದು ಮೀನನ್ನು ಪಾಲು ಹಂಚಿಕೊಳ್ಳುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೋಣಿಯೊಡೆಯನೊಬ್ಬನಾದ, ಕೂಲಿಯಾಳುಗಳು ಹಲವರಾದರು. “ಕಡಲಿನ ಸಾಲವನ್ನು ಕಡಲೇ ತೀರಿಸಬೇಕು, ಮಾಷ್ಟ್ರೇ,” ಎಂದರು ಹಿರಿಯ ಮೊಗವೀರರೊಬ್ಬರು.

ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ ಮಾರ್ಗವಾಗಿ ಕಾರ್ಕಳ ಸೇರಿದೆ. 1432ರಲ್ಲಿ ನಿಂತ ಗೊಮ್ಮಟನಿಗೆ ಮೈಮೇಲೆ ನೂಲೆಳೆಯಿಲ್ಲ. ಆದರೂ ಜಗತ್ತು ತಲೆಬಾಗುತ್ತದೆ. ತಾನಾಗಿ ತೊರೆದವನ ಬರಿಮೈಗೆ ಪೂಜೆ. ಇಲ್ಲದವನ ಬರಿಮೈಗೆ ತಾತ್ಸಾರ. ಈ ತಾಲ್ಲೂಕಿನಲ್ಲಿಯೂ ಬುಟ್ಟಿ ಹೆಣೆಯುವ ಕೊರಗರ ಮನೆಗಳಿವೆ. ಪ್ಲಾಸ್ಟಿಕ್ಕು ಬಂದು ಬುಟ್ಟಿಯ ಬೇಡಿಕೆ ಕುಗ್ಗಿತು. ಅದಕ್ಕೂ ಹಿರಿದಾದ ನೋವು ‘ಅಜಲು’ ಪದ್ಧತಿಯದು. ಅನ್ಯರ ಅನಿಷ್ಟವನ್ನು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದರು. ಅನ್ನವೇ ಇಲ್ಲಿ ಅವಮಾನದ ಆಯುಧವಾಗಿತ್ತು! 2000ದಲ್ಲಿ ಕರ್ನಾಟಕವು ಕಾಯಿದೆಯ ಮೂಲಕ ಇದನ್ನು ನಿಷೇಧಿಸಿತು. “ಬಡವ, ನೀ ಮಡಗಿದ ಹಾಗಿರು” ಎಂಬ ಗಾದೆಯನ್ನು ಅಳಿಸುವುದು ಕಾಯಿದೆಯೊಂದರಿಂದಲೇ ಆಗುವ ಕೆಲಸವಲ್ಲ. ಪದವೀಧರನಾದ ಆ ಸಮುದಾಯದ ತರುಣನೊಬ್ಬ ಮೆಲ್ಲಗೆ ಹೇಳಿದ: “ಕೆಲಸ ಸಿಕ್ಕಿತು, ಸಾರ್. ಬಾಡಿಗೆಗೆ ಮನೆ ಸಿಗಲಿಲ್ಲ.”

ಹಸಿವಿಗೆ ಅನ್ನ, ನಾಳೆಯ ಭಯಕ್ಕೆ ಉಳಿತಾಯ, ಬರಿಗೈಯ ತಿಂಗಳುಗಳಿಗೆ ಪರ್ಯಾಯ ದುಡಿಮೆ: ಈ ಮೂರನ್ನೂ ಮಠ, ಬ್ಯಾಂಕು, ಸರಕಾರಗಳು ಒದಗಿಸಬಲ್ಲವು. ಅನ್ನವಿಕ್ಕಿ ಮಾನವನ್ನು ಕಸಿದರೆ ಬಡತನ ನೀಗಿದಂತಲ್ಲ. ಆ ನಾಲ್ಕನೆಯದಕ್ಕೆ ಮದ್ದು, ‘ಮನೆ ಬಾಡಿಗೆಗೆ ಇದೆ’ ಎಂದು ಹಲಗೆ ತೂಗುಹಾಕುವ ನಮ್ಮ ನಿಮ್ಮಂಥವರ ಕೈಯಲ್ಲಿದೆ.