ಹೊಸ ಗಣಕ ವ್ಯವಸ್ಥೆ ಮತ್ತು ಕಳೆದುಹೋದ ೞಕಾರ

ತಣಿಸಂದ್ರದ ಮುಖ್ಯರಸ್ತೆಯಿಂದ ತುಸು ಒಳಗೆ, ನಾಲ್ಕನೆಯ ಮಹಡಿಯ ಮನೆಯೊಂದರಲ್ಲಿ ವಾಸವಾಗಿರುವ ಕನ್ನಡ ಅಧ್ಯಾಪಕರೊಬ್ಬರು 2025ರ ಅಕ್ಟೋಬರಿನಲ್ಲಿ ತಮ್ಮ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಿದರು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಆ ತಿಂಗಳ 14ರಂದು ಕೊನೆಗೊಳ್ಳುವುದೆಂಬ ಸೂಚನೆ ಹಲವು ತಿಂಗಳಿಂದ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಅವರು ಅದನ್ನು ಸರಿಸುತ್ತಲೇ ಬಂದಿದ್ದರು. ಕಡೆಗೆ ದಸರಾ ರಜೆಯ ಬಿಡುವಿನಲ್ಲಿ ಈ ಕೆಲಸವನ್ನು ಮುಗಿಸಿಬಿಡುವುದೆಂದು ನಿಶ್ಚಯಿಸಿದರು. ಎರಡು ದಿನಗಳ ಕೆಲಸವೆಂದು ಆರಂಭಿಸಿದ್ದು ಐದು ತಿಂಗಳಾದರೂ ಮುಗಿಯಲಿಲ್ಲ. ಅದರಲ್ಲೊಂದು ಭಾಗ ಇನ್ನು ಮುಗಿಯುವಂಥದೂ ಅಲ್ಲ.

ಮೊದಲ ತೊಡಕು ಯಂತ್ರದ್ದು. 2021ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವು ಯಂತ್ರದಲ್ಲಿರಬೇಕು. ಅಧ್ಯಾಪಕರ ಯಂತ್ರ ಅರ್ಹವಲ್ಲವೆಂದೇ ಪರೀಕ್ಷೆ ಹೇಳಿತು. ರಿಪೇರಿಗೆಂದು ಬಂದ ಯುವಕ ಅದನ್ನು ತೆರೆದು ನೋಡಿ, ಆ ಅಂಗ ಇದ್ದೇ ಇದೆ, ಬಯಾಸ್‌ನಲ್ಲಿ ಅದನ್ನು ಆರಿಸಿಡಲಾಗಿದೆ ಎಂದು ಕಂಡುಹಿಡಿದ. ಅದನ್ನು ಚಾಲನೆಗೊಳಿಸಿದ ಮೇಲೆ ಅವನು ಹೇಳಿದ ಮಾತು ಇಷ್ಟು: "ಸರ್, ಇದರ ಮೇಲೇ ಅಪ್‌ಗ್ರೇಡ್ ಮಾಡಿದ್ರೆ ಹಳೇ ಕಸ ಎಲ್ಲಾ ಹಂಗೇ ಉಳ್ಕೊಳ್ಳುತ್ತೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ತೀನಿ, ಫಾಸ್ಟಾಗಿ ಓಡುತ್ತೆ. ನಿಮ್ಮ ಡೇಟಾ ಎಲ್ಲಾ ಕಾಪಿ ಮಾಡ್ಕೊಂಡಿದೀರಾ ತಾನೆ?"

"ಎಲ್ಲಾ ಮಾಡ್ಕೊಂಡಿದೀನಿ ಕಣಪ್ಪ" ಎಂದರು ಅಧ್ಯಾಪಕರು. ಅದು ಸುಳ್ಳಾಗಿರಲಿಲ್ಲ. ಲೇಖನಗಳು, ಟಿಪ್ಪಣಿಗಳು, ಛಾಯಾಚಿತ್ರಗಳು ಎಲ್ಲವೂ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದ್ದವು. ಅಕ್ಷರವಿನ್ಯಾಸಗಳು, ಎಂದರೆ ಫಾಂಟುಗಳು, ಬರಹದ ಭಾಗವೆಂಬ ಅರಿವು ಮಾತ್ರ ಅವರಿಗಿರಲಿಲ್ಲ. ಅವು ವಿಂಡೋಸ್‌ನ ಕಡತಕೋಶದೊಳಗೆ ಬೇರೆಯಾಗಿ ಇರುತ್ತವೆ. ಫಾರ್ಮ್ಯಾಟ್ ಮಾಡಿದಾಗ ಹಳೆಯ ವ್ಯವಸ್ಥೆಯ ಜೊತೆಗೆ ಅವೂ ಅಳಿದವು.

ಹೊಸ ವ್ಯವಸ್ಥೆಯ ಮೊದಲ ವಾರ ಸಣ್ಣಪುಟ್ಟ ಕಿರಿಕಿರಿಗಳಲ್ಲಿ ಕಳೆಯಿತು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಕನ್ನಡಿಗರು ಬಳಸುತ್ತ ಬಂದ ತುಂಗಾ ಫಾಂಟ್ ಕಾಣಲಿಲ್ಲ. ವಿಂಡೋಸ್ 10ರಿಂದೀಚೆಗೆ ಅದು ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟುಗಳೆಂಬ ಬಾಬತ್ತನ್ನು ಆರಿಸಿ ಇಳಿಸಿಕೊಳ್ಳಬೇಕು. ಕೀಲಿಮಣೆಯದು ಇನ್ನೊಂದು ಪಾಡು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಗೆ ಎರಡು ದಶಕಗಳಿಂದ ಒಗ್ಗಿದ ಬೆರಳುಗಳಿಗೆ, ಎಡಗೈಗೆ ಸ್ವರಗಳನ್ನೂ ಬಲಗೈಗೆ ವ್ಯಂಜನಗಳನ್ನೂ ಹಂಚುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಪರಕೀಯವೆನಿಸಿತು. ತಮ್ಮ ಹೆಸರನ್ನೇ ಮೂರು ಸಲ ತಪ್ಪಾಗಿ ಟೈಪಿಸಿದರು. ನುಡಿಯ ಹೊಸ ಆವೃತ್ತಿಯನ್ನು ಹಾಕಿಕೊಂಡ ಮೇಲೆ ಇದೂ ಸರಿಹೋಯಿತು.

ಹಳೆಯ ಕಡತಗಳನ್ನು ತೆರೆದಾಗ ಎರಡನೆಯ ತೊಡಕು ಎದುರಾಯಿತು. 'ಕನ್ನಡ' ಎಂಬ ಪದವಿರಬೇಕಾದೆಡೆ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ ಇತ್ಯಾದಿಗಳು ಸಾಲುಗಟ್ಟಿದ್ದವು. ಗಣಕದಲ್ಲಿ ಕನ್ನಡ ಬರೆದ ಹಳಬರಿಗೆ ಈ ದೃಶ್ಯ ಹೊಸದಲ್ಲ. 1998ರಲ್ಲಿ ಬಂದ ಬರಹವಾಗಲಿ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಮೊದಲ ಆವೃತ್ತಿಗಳಾಗಲಿ ಇಂಗ್ಲಿಷ್ ಮತ್ತು ಯುರೋಪಿನ ಇತರ ಲಿಪಿಚಿಹ್ನೆಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದವು. ಅಂದಿನ ತಂತ್ರಾಂಶಗಳಲ್ಲಿ ಕನ್ನಡ ಮೂಡಬೇಕಾದರೆ ಅದೇ ಕಾರ್ಯಸಾಧ್ಯವಾದ ಮಾರ್ಗವಾಗಿತ್ತು. ಆ ಮಾರ್ಗವಿಲ್ಲದಿದ್ದರೆ ಇಂದಿನ ಎಷ್ಟೋ ಪ್ರಬಂಧಗಳೂ ಪುಸ್ತಕಗಳೂ ಗಣಕವನ್ನು ಹೊಕ್ಕೇ ಇರುತ್ತಿರಲಿಲ್ಲ. 1991ರ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನಗಳು ದೊರೆತಿದ್ದರೂ ಅವು ಸಾಮಾನ್ಯ ಬರಹಗಾರನ ಮೇಜಿಗೆ ಬರಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುಗಾಲದ ಬರಹದಲ್ಲಿ ಕಡತವು ಕಾಪಾಡುವುದು ಸಂಕೇತವನ್ನು ಮಾತ್ರ, ಅಕ್ಷರವಿರುವುದು ಫಾಂಟಿನಲ್ಲಿ.

ಪರಿಹಾರ ಸುಲಭವಾಗಿಯೇ ಕಂಡಿತು. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಕಡತದ ಪಠ್ಯವನ್ನು ಅಲ್ಲಿಗೆ ಅಂಟಿಸಿದರೆ ಕ್ಷಣದಲ್ಲಿ ಶುದ್ಧ ಕನ್ನಡ ಹೊರಬರುತ್ತದೆ. ಅಧ್ಯಾಪಕರು ಹಿಗ್ಗಿದರು. 2003ರಿಂದ ಕೋಲಾರ, ತುಮಕೂರು, ಬೆಂಗಳೂರು ಸುತ್ತಿನ ಊರುಗಳಲ್ಲಿ ತಾವೇ ಓಡಾಡಿ ಓದಿಕೊಂಡ ವೀರಗಲ್ಲು, ದಾನಶಾಸನಗಳ ಪಾಠಗಳನ್ನು ಒಂದೊಂದಾಗಿ ಪರಿವರ್ತಿಸಿ, ಅದೇ ಹೆಸರಿನಿಂದ ಉಳಿಸುತ್ತ ಹೋದರು. ಎರಡು ಕಡತಕೋಶಗಳು ಮುಗಿದಾಗ ಹಾರ್ಡ್ ಡಿಸ್ಕಿನಲ್ಲಿದ್ದ ಹಳೆಯ ಪ್ರತಿಗಳ ಮೇಲೆ ಹೊಸವನ್ನು ಬರೆದರು. ಓದಲಾಗದ ಕಡತಗಳನ್ನು ಇಟ್ಟುಕೊಂಡು ಪ್ರಯೋಜನವೇನು ಎಂಬುದು ಅವರ ವಿಚಾರವಾಗಿತ್ತು.

ದೋಷವನ್ನು ಕಂಡದ್ದು ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ. ಶಾಸನಗಳಲ್ಲಿ ೞಕಾರವು ಳಕಾರದೊಡನೆ ಬೆರೆತುಹೋಗುವ ಕಾಲವನ್ನು ಗುರುತಿಸುವುದು ಆಕೆಯ ಅಧ್ಯಯನದ ಒಂದು ಅಧ್ಯಾಯ. ಪರಿವರ್ತಿತ ಕಡತಗಳನ್ನು ಪಡೆದ ಮೂರನೆಯ ದಿನ ದೂರವಾಣಿಯಲ್ಲಿ ಸಂಕೋಚದಿಂದಲೇ ಕೇಳಿದರು: "ಸರ್, ಹತ್ತನೇ ಶತಮಾನದ ಕಲ್ಲುಗಳಲ್ಲೂ ಒಂದೇ ಒಂದು ೞ ಇಲ್ಲ. ನಾನು ಓದೋದರಲ್ಲೇ ಏನಾದರೂ ತಪ್ಪಿದೆಯಾ?"

ತಪ್ಪು ಆಕೆಯದಾಗಿರಲಿಲ್ಲ. ೞ, ಱ ಅಕ್ಷರಗಳು ಬೇಕೆಂದು ಅಧ್ಯಾಪಕರು ಬಹಳ ಹಿಂದೆ ಡಿಟಿಪಿ ಬಲ್ಲ ಸ್ನೇಹಿತರೊಬ್ಬರಿಂದ ಒಂದು ವಿಶೇಷ ಫಾಂಟ್ ಮಾಡಿಸಿಕೊಂಡಿದ್ದರು. ಅದರಲ್ಲಿ ಳಕಾರದ ಸ್ಥಾನದಲ್ಲಿ ೞಕಾರವೂ ರಕಾರದ ಸ್ಥಾನದಲ್ಲಿ ಱಕಾರವೂ ಇದ್ದವು. ೞ ಬೇಕಾದಾಗ ಳ ಎಂದೇ ಟೈಪಿಸಿ, ಆ ಒಂದು ಅಕ್ಷರಕ್ಕೆ ಮಾತ್ರ ಫಾಂಟ್ ಬದಲಿಸುವುದು ಅವರ ಕ್ರಮ. ಪರದೆಯ ಮೇಲೂ ಮುದ್ರಣದಲ್ಲೂ ೞ ಕಾಣುತ್ತಿತ್ತು. ಕಡತದೊಳಗೆ ಇದ್ದದ್ದು ಳಕಾರದ ಸಂಕೇತವೇ. ಪಠ್ಯವನ್ನು ಪರಿವರ್ತಕಕ್ಕೆ ಅಂಟಿಸಿದಾಗ ಫಾಂಟಿನ ಹೆಸರು ಉದುರಿಹೋಯಿತು. ಅದರೊಡನೆ ಭೇದವೂ ಹೋಯಿತು.

ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಈ ಭೇದವು ಆಡುನುಡಿಯಿಂದ ಜಾರಿಹೋಗುತ್ತಿದ್ದ ಕಾಲದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದನೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಕಿವಿ ಇನ್ನು ಹೇಳಿಕೊಡದಿದ್ದನ್ನು ಪಟ್ಟಿ ಹೇಳಿಕೊಡಬೇಕಾಗಿತ್ತು. ಭಾಷೆ ಕೆಲವು ಶತಮಾನಗಳಲ್ಲಿ ನಿಧಾನವಾಗಿ ಮಾಡಿದ ಕೆಲಸವನ್ನು ತಣಿಸಂದ್ರದ ಆ ಕೋಣೆಯಲ್ಲಿ ಗಣಕವು ಎರಡು ಸಂಜೆಗಳಲ್ಲಿ ಮಾಡಿ ಮುಗಿಸಿತ್ತು. ಮೂಲಕ್ಕೂ ಈ ಫಲಕ್ಕೂ ವ್ಯತ್ಯಾಸ ಗೊತ್ತಾಗುವಂತೆ ಒಂದು ಚೌಕವಾಗಲಿ ಪ್ರಶ್ನಚಿಹ್ನೆಯಾಗಲಿ ಎಲ್ಲಿಯೂ ಮೂಡಲಿಲ್ಲ. ಪಾಠಗಳು ಸರಾಗವಾಗಿ ಓದಿಸಿಕೊಳ್ಳುತ್ತಿದ್ದವು. ಅಪಾಯವಿದ್ದದ್ದು ಅಲ್ಲಿಯೇ.

ಅಧ್ಯಾಪಕರು ಇಪ್ಪತ್ತು ವರ್ಷಗಳಿಂದ ಎಂ.ಎ. ತರಗತಿಗಳಿಗೆ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಾಠಮಾಡಿದವರು. ಲಿಪಿಕಾರರ ಸ್ಖಾಲಿತ್ಯಗಳಲ್ಲಿ ಅರ್ಥವಿಲ್ಲದ ತಪ್ಪಿಗಿಂತ ಅರ್ಥವಿರುವ ತಪ್ಪೇ ಹೆಚ್ಚು ಕೆಡುಕು, ಏಕೆಂದರೆ ಅದು ಸಂಪಾದಕನ ಕಣ್ಣಿಗೆ ತಡೆಯೊಡ್ಡುವುದಿಲ್ಲ ಎಂದು ಪ್ರತಿವರ್ಷವೂ ವಿವರಿಸಿದವರು. ತಮ್ಮ ಕಡತಗಳಿಗೂ ಒಬ್ಬ ಲಿಪಿಕಾರನಿದ್ದಾನೆ, ಅವನು ಅತ್ಯಂತ ವೇಗಿ, ಅತ್ಯಂತ ನಿಷ್ಠ, ಆದರೆ ತನಗೆ ಕಾಣದ ಭೇದವನ್ನು ಬರೆಯಲಾರ ಎಂಬುದು ಅವರಿಗೆ ಆಗ ಹೊಳೆಯಿತು.

ಉಳಿದ ಉಪಾಯ ಗ್ರಂಥಸಂಪಾದಕನದೇ. ಮೊದಲು ಲಭ್ಯವಿರುವ ಪ್ರತಿಗಳನ್ನು ವಿಂಗಡಿಸಿದರು. ಪರಿವರ್ತನೆಗೆ ಒಳಗಾಗದ ಮೂಲ ಕಡತಗಳು ಮೊದಲ ವರ್ಗ. ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೂ ಅದರ ಹೆಸರು ವರ್ಡ್ ಕಡತದಲ್ಲಿ ಅಕ್ಷರಕ್ಕಂಟಿಕೊಂಡೇ ಇರುತ್ತದೆ. ಹುಡುಕುವ ಸೌಲಭ್ಯದಲ್ಲಿ ಫಾಂಟಿನ ಹೆಸರು ಕೊಟ್ಟು ಹುಡುಕಿದರೆ ಆ ಅಕ್ಷರಗಳು ಮಾತ್ರ ಸಿಕ್ಕುತ್ತವೆ. ಅಂಥ ಪ್ರತಿ ಅಕ್ಷರದ ಪಕ್ಕದಲ್ಲಿ ಒಂದು ಗುರುತನ್ನು ಸೇರಿಸಿ, ಆಮೇಲೆ ಪರಿವರ್ತಿಸಿ, ಗುರುತಿರುವ ಳ, ರಗಳನ್ನು ೞ, ಱಗಳಾಗಿ ತಿದ್ದಿದರು. ಈ ಉಪಾಯ ಸೂಚಿಸಿದವರೂ ಆ ವಿದ್ಯಾರ್ಥಿನಿಯೇ. ಎರಡನೆಯ ವರ್ಗ, ಅಚ್ಚಿಗೆಂದು ಮಾಡಿದ್ದ ಪಿಡಿಎಫ್‌ಗಳು. ಅವುಗಳಲ್ಲಿ ಫಾಂಟಿನ ಆಕೃತಿಗಳು ಅಡಕವಾಗಿದ್ದುದರಿಂದ ೞಕಾರವು ಕಣ್ಣಿಗೆ ಕಾಣುತ್ತಿತ್ತು. ಸಾಲು ಸಾಲಾಗಿ ಓದಿ ಹೋಲಿಸಿದರು. ಮೂರನೆಯದು, ಪೆನ್ಸಿಲಿನಲ್ಲಿ ಬರೆದ ಕ್ಷೇತ್ರಕಾರ್ಯದ ನೋಟುಪುಸ್ತಕಗಳು. ಅವುಗಳಲ್ಲಿ ಎರಡು ಮನೆ ಬದಲಿಸುವಾಗ ಕಾಣೆಯಾಗಿದ್ದವು.

ಸಂಕ್ರಾಂತಿಯ ಹೊತ್ತಿಗೆ ಬಹುತೇಕ ಪಾಠಗಳು ಸರಿಯಾದವು. ಮೂಲ ಕಲ್ಲು ಉಳಿದಿರುವೆಡೆ ಹೋಗಿ ನೋಡಿಬಂದರು. ಕಲ್ಲೊಂದು ಕಣ್ಣೆದುರಿಗಿರುವುದು ಎಷ್ಟು ದೊಡ್ಡ ಭಾಗ್ಯವೆಂಬುದನ್ನು ಉತ್ತರ ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ತಣಿಸಂದ್ರಕ್ಕೆ ಸಮೀಪದ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, 8ನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಓದು ಸಂಶಯವೆನಿಸಿದರೆ ಕಲ್ಲಿನ ಬಳಿಗೆ ಮರಳಬಹುದು. ಅಧ್ಯಾಪಕರು 2004ರಲ್ಲಿ ಕೆರೆಯ ಏರಿಯೊಂದರ ಕೆಳಗೆ ಓದಿದ್ದ ಒಂದು ವೀರಗಲ್ಲಿಗೆ ಆ ಅನುಕೂಲವಿಲ್ಲ. ಅಲ್ಲಿ ಈಗ ರಸ್ತೆಯಿದೆ. ಕಲ್ಲು ಎಲ್ಲಿ ಹೋಯಿತೆಂದು ಊರಿನ ಹಿರಿಯರೂ ಹೇಳಲಾರರು. ಅದರ ನೋಟುಪುಸ್ತಕ ಕಳೆದವುಗಳಲ್ಲೊಂದು. ಮೂಲ ಕಡತದ ಮೇಲೆ ಹೊಸದನ್ನು ಬರೆದಾಗಿತ್ತು. ಛಾಯಾಚಿತ್ರದಲ್ಲಿ ಆ ಭಾಗದ ಮೇಲೆ ನೆರಳು ಬಿದ್ದಿದೆ. ಮಡಿದ ವೀರನ ಹೆಸರಿನ ಮೊದಲ ಪದ ಈಗ 'ಬಾಳ' ಎಂದಿದೆ. ಅದು ಕತ್ತಿಯ ಬಾಳೋ ಜೀವಿಸುವ ಬಾೞೋ ಎಂದು ಹೇಳಬಲ್ಲ ಸಾಕ್ಷ್ಯ ಇನ್ನಿಲ್ಲ.

ಬಾೞ್ ಎಂದೇ ಓದಿದ ನೆನಪು ಎಂದು ಅಧ್ಯಾಪಕರು ಒಂದೆರಡು ಬಾರಿ ಹೇಳಿದ್ದುಂಟು. ಹಾಗೆ ಓದಿದರೆ ವಿದ್ಯಾರ್ಥಿನಿಯ ವಾದಕ್ಕೂ ಪುಷ್ಟಿ ದೊರೆಯುತ್ತಿತ್ತು. ಆದರೂ ಅವರು ಪಾಠದಲ್ಲಿ ಅದನ್ನು ಸೇರಿಸಲಿಲ್ಲ. ನೆನಪು ಪಾಠಾಂತರವಾಗದು. ಅಡಿಟಿಪ್ಪಣಿಯಲ್ಲಿ 'ಳ/ೞ ಅನಿಶ್ಚಿತ. ಮೂಲ ಓದು ಪ್ರತಿಕಾರ್ಯದಲ್ಲಿ ನಷ್ಟ' ಎಂದು ಬರೆಸಿದರು. ನಷ್ಟ ಯಾರಿಂದ ಎಂಬುದನ್ನೂ ಬರೆಯಬೇಕೆಂದು ಅವರು ಪಟ್ಟುಹಿಡಿದಾಗ ವಿದ್ಯಾರ್ಥಿನಿ ಒಪ್ಪಲಿಲ್ಲ.

ಆ ಮೇಲೆ ಅವರು ತಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಕೆಲವು ಮಾತುಗಳನ್ನು ತಪ್ಪದೆ ಹೇಳುತ್ತಾರೆ. ವ್ಯವಸ್ಥೆಯನ್ನು ಬದಲಿಸುವ ಮುನ್ನ ಕಡತಗಳಷ್ಟೇ ಅಲ್ಲ, ಫಾಂಟುಗಳನ್ನೂ ನಕಲು ಮಾಡಿಡಬೇಕು. ಒಬ್ಬ ಬಳಕೆದಾರನಿಗೆಂದು ಹಾಕಿಕೊಂಡ ಫಾಂಟುಗಳು ಬೇರೆ ಕೋಶದಲ್ಲಿರುತ್ತವೆ, ಅವನ್ನೂ ಮರೆಯಬಾರದು. ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಂಡೇ ಮೇಲ್ದರ್ಜೆಗೇರಿಸುವ ದಾರಿಯಿದ್ದರೆ ಅದನ್ನೇ ಹಿಡಿಯಬೇಕು. ಹಾಗೆ ಮಾಡಿದಲ್ಲಿ ಹಿಂದಿನ ವ್ಯವಸ್ಥೆಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಟಿಪಿಎಂ ಇಲ್ಲವೆಂದು ಹೊಸ ಯಂತ್ರ ಕೊಳ್ಳುವ ಮೊದಲು ಬಯಾಸ್‌ನಲ್ಲಿ ಅದು ಆರಿದೆಯೇ ಎಂದು ನೋಡಬೇಕು. ಪರಿವರ್ತಿಸಿದ ಕಡತಕ್ಕೆ ಬೇರೆ ಹೆಸರು ಕೊಡಬೇಕು, ಓದಲಾಗದಿದ್ದರೂ ಮೂಲವನ್ನು ಅಳಿಸಬಾರದು. ಪರಿವರ್ತನೆಯಾದ ಮೇಲೆ, ಇರಲೇಬೇಕಾದ ಅಕ್ಷರವೊಂದನ್ನು ಹುಡುಕಿ ಎಣಿಸಬೇಕು. ಎಣಿಕೆ ಸೊನ್ನೆ ಬಂದರೆ ಅಲ್ಲಿಯೇ ನಿಲ್ಲಬೇಕು.

ಕೊನೆಗೆ ಅವರು ಒಂದು ಸಂಗತಿಯನ್ನೂ ಸೇರಿಸುತ್ತಾರೆ. ಯೂನಿಕೋಡಿನಲ್ಲಿ ೞಕಾರಕ್ಕೆ 0ಸಿಡಿಇ ಎಂಬ ಸ್ವಂತ ಸ್ಥಾನವಿದೆ. ಆದರೆ ಆರಂಭದಲ್ಲಿ ಯಾವುದೋ ತಪ್ಪಿನಿಂದ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಎಫ್‌ಎ' ಎಂದು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಶಿಷ್ಟತೆಯ ನಿಯಮ. ಆದಕಾರಣ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ಪರ್ಯಾಯವೆಂದು ಬರೆಯಲಾಗಿದೆ. ತಪ್ಪನ್ನು ಅಳಿಸದೆ, ಮುಚ್ಚಿಡದೆ, ತಿದ್ದುಪಡಿಯನ್ನು ಮಗ್ಗುಲಲ್ಲಿ ನಮೂದಿಸುವ ಈ ಕ್ರಮ ಗ್ರಂಥಸಂಪಾದನೆಯ ಕ್ರಮವೇ ಎಂದು ಅವರು ಮೆಚ್ಚಿಕೊಳ್ಳುತ್ತಾರೆ. ಅವರ ಹಾರ್ಡ್ ಡಿಸ್ಕಿನಲ್ಲಿ ಈಗ 'ಮೂಲ' ಎಂಬ ಹೆಸರಿನ ಕಡತಕೋಶವೊಂದಿದೆ. ಅದರಲ್ಲಿ ಫಾಂಟುಗಳಿವೆ, ಪಿಡಿಎಫ್‌ಗಳಿವೆ, ತೆರೆದರೆ ಅರ್ಥವಾಗದ ಹಳೆಯ ಕಡತಗಳೂ ಇವೆ. ಅವುಗಳನ್ನು ಯಾರೂ ಅಳಿಸಕೂಡದೆಂದು ಮನೆಯವರಿಗೂ ಹೇಳಿಟ್ಟಿದ್ದಾರೆ.