ಬೀಗ ಹಾಕಿದ ಮನೆ ಮತ್ತು ಬೆಳದಿಂಗಳು

ನಿಮ್ಮ ಓಣಿಯಲ್ಲೂ ಅಂತಹ ಒಂದು ಮನೆ ಇದ್ದೀತು. ಗೇಟಿಗೆ ತುಕ್ಕು ಹಿಡಿದ ಬೀಗ, ಅಂಗಳದ ತುಂಬ ಪಾರ್ಥೇನಿಯಂ, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ. ದಿನವೂ ಅದರ ಮುಂದೆ ಹಾದುಹೋಗುತ್ತೇವೆ, ಆದರೆ ನೋಡುವುದಿಲ್ಲ. ನಾನು ಕೆಲವು ವರ್ಷಗಳಿಂದ ಇಂತಹ ಮನೆಗಳನ್ನು ನೋಡುತ್ತಿದ್ದೇನೆ. ಅದೂ ಇಶಾ ನಮಾಝಿನ ನಂತರ, ಕ್ಯಾಮೆರಾ ಮತ್ತು ಮೂರು ಕಾಲಿನ ಸ್ಟ್ಯಾಂಡ್ ಹಿಡಿದುಕೊಂಡು.

‘ಮದ್ರಸಾದಲ್ಲಿ ಓದಿದವರಿಗೆ ಇದೆಂತಹ ಹವ್ಯಾಸ?’ ಎಂದು ಕೇಳಿದವರಿದ್ದಾರೆ. ಜೀವಿಗಳ ಚಿತ್ರದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ನಿಜ. ಆದರೆ ನನ್ನ ಚಿತ್ರಗಳಲ್ಲಿರುವುದು ಗೋಡೆ, ಕಿಟಕಿ ಮತ್ತು ಆಕಾಶ ಮಾತ್ರ. ಅಲ್ಲದೆ ಕ್ಯಾಮೆರಾದ ಹಿಂದಿನ ವಿದ್ಯೆ ನಮಗೆ ಪರಕೀಯವೂ ಅಲ್ಲ. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್, ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ತಳ್ಳಿಹಾಕಿದರು. ವಸ್ತುವಿನಿಂದ ಹೊರಟ ಬೆಳಕೇ ನಮ್ಮ ಕಣ್ಣನ್ನು ಸೇರುತ್ತದೆ ಎಂದು ವಿವರಿಸಿದರು. ಕತ್ತಲೆ ಕೋಣೆ ಮತ್ತು ಸಣ್ಣ ರಂಧ್ರದ ಮೂಲಕ ಬೆಳಕನ್ನು ಪರೀಕ್ಷಿಸಿದರು. ಕ್ಯಾಮೆರಾ ಎಂಬ ಲ್ಯಾಟಿನ್ ಪದದ ಅರ್ಥವೂ ಕೋಣೆ ಎಂದೇ.

ಹಗಲಿನಲ್ಲಿ ಒಂದು ಚಿತ್ರಕ್ಕೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ರಾತ್ರಿ ಹಾಗಲ್ಲ. ಕ್ಯಾಮೆರಾದ ಕಣ್ಣನ್ನು 30 ಸೆಕೆಂಡು, ಕೆಲವೊಮ್ಮೆ ಹಲವು ನಿಮಿಷ ತೆರೆದಿಡಬೇಕು. ಅದು ಅಲುಗಬಾರದು. ಹನಿ ಹನಿಯಾಗಿ ಬೆಳಕು ಕೂಡಿಕೊಳ್ಳುತ್ತದೆ. ನಿಂತದ್ದು ಉಳಿಯುತ್ತದೆ, ಓಡಿದ್ದು ಅಳಿಸಿಹೋಗುತ್ತದೆ. 1838ರಲ್ಲಿ ಡಾಗೇರ್ ಎಂಬಾತ ಪ್ಯಾರಿಸ್‌ನ ಒಂದು ಬೀದಿಯ ಚಿತ್ರ ತೆಗೆದಾಗ ಹಲವು ನಿಮಿಷ ಬೇಕಾಯಿತು. ಆ ಗಿಜಿಗುಡುವ ಬೀದಿಯ ಗಾಡಿಗಳಾಗಲಿ ಜನರಾಗಲಿ ಚಿತ್ರದಲ್ಲಿ ಮೂಡಲಿಲ್ಲ. ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ವ್ಯಕ್ತಿಯೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದ!

ನಮ್ಮ ಬ್ಯಾಟರಾಯನಪುರದಲ್ಲೂ ಇದೇ ಅನುಭವ. ಈ ಊರು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ಬಳ್ಳಾರಿ ರಸ್ತೆಗೆ ನಿದ್ದೆಯೇ ಇಲ್ಲ. ಆದರೆ ನನ್ನ ಚಿತ್ರದಲ್ಲಿ ಒಂದೇ ಒಂದು ಕಾರೂ ಇಲ್ಲ. ಬಿಳಿ ಮತ್ತು ಕೆಂಪು ಗೆರೆಗಳಷ್ಟೇ. ಅಷ್ಟೊಂದು ಅವಸರದಲ್ಲಿ ಹೋದವರು ಯಾರೆಂದು ಹೇಳುವಂತಿಲ್ಲ. ಪಕ್ಕದ ಓಣಿಯಲ್ಲಿ ಸುಮ್ಮನೆ ನಿಂತ ಹೆಂಚಿನ ಮನೆ ಮಾತ್ರ ಸ್ಪಷ್ಟವಾಗಿದೆ.

ಆ ಮನೆಯ ಚಿತ್ರ ತೆಗೆಯುವ ಮೊದಲು ಹಿರಿಯ ಮಗನ ಅನುಮತಿ ಕೇಳಿದೆ. ಅನುಮತಿಯಿಲ್ಲದೆ ಪರರ ಮನೆ ಪ್ರವೇಶಿಸಬಾರದೆಂಬುದು ಸೂರಃ ಅನ್ನೂರ್‌ನ ಪಾಠ. ಜನವಾಸವಿಲ್ಲದ ಮನೆಯೆಂದರೆ ಒಡೆಯರಿಲ್ಲದ ಮನೆಯಲ್ಲ. ಒಡೆಯರು ಇಲ್ಲಿ ಐವರು: ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಂದೆ-ತಾಯಿ ತೀರಿಕೊಂಡ ಮೇಲೆ ಜಾಗದ ಬೆಲೆ ಏರಿತು. ‘ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂದರು ಸಹೋದರರು. ಸಹೋದರಿಯರು ಸಹಿ ಹಾಕಲಿಲ್ಲ. ಮನೆಗೆ ಬೀಗ ಬಿತ್ತು.

ಹುಣ್ಣಿಮೆಯ ರಾತ್ರಿ ಕಿಟಕಿಯ ಹೊರಗೆ ಕ್ಯಾಮೆರಾ ಇಟ್ಟು ನಾಲ್ಕು ನಿಮಿಷ ಕಾದೆ. ನನ್ನ ಕಣ್ಣಿಗೆ ಒಳಗೆ ಕಂಡದ್ದು ಬರೀ ಕತ್ತಲೆ. ಚಿತ್ರದಲ್ಲಾದರೋ, ಒಡೆದ ಹೆಂಚುಗಳ ಸಂದಿಯಿಂದ ಇಳಿದ ಬೆಳದಿಂಗಳು ಕೋಣೆಯನ್ನು ತುಂಬಿತ್ತು. ಗೋಡೆಯಲ್ಲಿ ಕುರ್‌ಆನ್ ಇಡುತ್ತಿದ್ದ ಗೂಡು, ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ.

ಕಿರಿಯ ಸಹೋದರಿಗೆ ಅದನ್ನು ತೋರಿಸಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದರು. ‘ಅದು ತೊಟ್ಟಿಲಿನ ಕೊಂಡಿ, ಹಜ್ರತ್. ಅಮ್ಮಿ ನಮ್ಮೈವರನ್ನೂ ಅದರಲ್ಲೇ ತೂಗಿದ್ದು. ತೊಟ್ಟಿಲಿನಲ್ಲಿ ಐವರಿಗೂ ಜಾಗವಿತ್ತು’ ಎಂದರು. ಮುಂದಿನ ಮಾತನ್ನು ಅವರು ಆಡಲಿಲ್ಲ, ನನಗೆ ಕೇಳಿಸಿತು.

ಕಟ್ಟಡಗಳು ಪಾಳು ಬೀಳಲು ಕಾರಣಗಳು ಹಲವು. ಬೀದರ್‌ನಲ್ಲಿ ಬಹಮನಿ ವಜೀರ ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ, 17ನೇ ಶತಮಾನದ ಕೊನೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಛಿದ್ರವಾಯಿತು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಅದನ್ನು ಕಾಣಲು ಛಾಯಾಗ್ರಾಹಕರು ದೂರದಿಂದ ಬರುತ್ತಾರೆ. ಒಂದನ್ನು ಬೆಂಕಿ ಕೆಡವಿತು, ಇನ್ನೊಂದನ್ನು ನೀರು ಬಿಡಿಸಿತು. ನಮ್ಮ ಓಣಿಯ ಮನೆಯನ್ನು ಪಾಳು ಮಾಡಿದ್ದು ಬೆಂಕಿಯೂ ಅಲ್ಲ, ನೀರೂ ಅಲ್ಲ.

ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಪಾಲುಗಳನ್ನು ಸ್ವತಃ ನಿಗದಿಪಡಿಸಿದ್ದಾನೆ. ದಫನದ ಖರ್ಚು, ಸಾಲ ಮತ್ತು ವಸಿಯ್ಯತ್ ಕಳೆದು ಉಳಿದದ್ದು ವಾರಸುದಾರರದ್ದು. ಬೇರೆ ವಾರಸುದಾರರಿಲ್ಲದಿದ್ದರೆ, ಈ ಕುಟುಂಬದ ಆಸ್ತಿಯನ್ನು 8 ಪಾಲು ಮಾಡಿ ಸಹೋದರರಿಗೆ ತಲಾ 2, ಸಹೋದರಿಯರಿಗೆ ತಲಾ 1 ಕೊಡಬೇಕು. ಮದುವೆಯ ಚಿನ್ನ, ಪಾತ್ರೆ ತಂದೆ ಬದುಕಿದ್ದಾಗ ಕೊಟ್ಟ ಕೊಡುಗೆ. ಅದು ವಾರಸಿಗೆ ಬದಲಿಯಲ್ಲ. ಐದು ಹೊತ್ತು ಮೊದಲ ಸಾಲಿನಲ್ಲಿ ನಿಲ್ಲುವ ನಾವು ಈ ಸರಳ ಲೆಕ್ಕದಲ್ಲಿ ಏಕೆ ಹಿಂದೆ ಸರಿಯುತ್ತೇವೆ?

ಚಿತ್ರವೊಂದು ತೀರ್ಪು ಕೊಡಲಾರದು. ಹಿರಿಯ ಸಹೋದರ ಅದರ ಪ್ರತಿಯೊಂದನ್ನು ಕೇಳಿ ಪಡೆದರು. ತಂಗಿಯರ ಪಾಲಿಗೆ ಒಪ್ಪಿದ್ದಾರೆ. ಎರಡನೆಯವರು ಯೋಚಿಸುತ್ತಿದ್ದಾರೆ. ಮೂರನೆಯವರು ಇನ್ನೂ ಮಾತಿಗೆ ಸಿಕ್ಕಿಲ್ಲ. ನಾನು ಪ್ರಯತ್ನ ಬಿಟ್ಟಿಲ್ಲ.

ಸೂರಃ ಅಲ್ ಹಜ್ಜ್‌ನಲ್ಲಿ ಪಾಳುಬಿದ್ದ ಬಾವಿ ಮತ್ತು ಎತ್ತರದ ಅರಮನೆಗಳ ಪ್ರಸ್ತಾಪವಿದೆ. ಅದರ ಬೆನ್ನಿಗೇ, ಕುರುಡಾಗುವುದು ಕಣ್ಣುಗಳಲ್ಲ, ಹೃದಯಗಳು ಎಂಬ ಎಚ್ಚರಿಕೆಯೂ ಇದೆ. ಓದುಗರೇ, ನಿಮ್ಮ ತಂದೆಯ ಮನೆಯ ಲೆಕ್ಕ ಮುಗಿದಿದೆಯೇ? ಇಲ್ಲವಾದರೆ ಈ ಶುಕ್ರವಾರ ಅಕ್ಕತಂಗಿಯರಿಗೆ ಒಂದು ಫೋನ್ ಮಾಡಿ. ಬೀಗದ ಕೈ ನಿಮ್ಮಲ್ಲಿರಬಹುದು, ಮನೆ ಅವರದ್ದೂ ಹೌದು.